ತೂಬಿನ ಕೊಂಬು

ಎಲ್ಲ ಊರುಗಳಂತೆ ನಮ್ಮೂರಲ್ಲೂ ಆಣೆ ಇಡುವುದು ಎಮ್ಮೆಕೊಂಬಿನ ಮಜ್ಜಿಗೆ ಕುಡಿದೇ. ಆಡಿದ ಮಾತು ಸುಳ್ಳಾದರೆ, ಎಷ್ಟು ಕುಡಿದರೂ ಮಜ್ಜಿಗೆ ಮುಗಿಯುವುದಿಲ್ಲ. ಕೆಳಗಿಟ್ಟು ತಪ್ಪಿಸಿಕೊಳ್ಳೋಣವೆಂದರೆ ಕೊಂಬು ನೆಲದ ಮೇಲೆ ನಿಲ್ಲುವುದೂ ಇಲ್ಲ.

ಅಂದು ಕೆರೆ ಏರಿಯ ಮೇಲೆ ಕೊಂಬು ಹಿಡಿದವಳು ಪುಟ್ಟಮಾದಿ. ನೀರಲ್ಲಿ ಮುಳುಗಿ ತೂಬು ತೆರೆಯುತ್ತಿದ್ದ ಅವಳ ಅಪ್ಪ ಹೋದ ತಿಂಗಳು ಅಲ್ಲೇ ಸತ್ತಿದ್ದ. ಕೆಳಗೆ ಗದ್ದೆಗಳು ಒಣಗುತ್ತಿದ್ದವು; ಅವನ ಕೆಲಸಕ್ಕೆ ತಾನೇ ನಿಲ್ಲುತ್ತೇನೆಂದು ಆಣೆ ಇಡಲು ಬಂದಿದ್ದಳು.

"ನಂಗೆ ನೀರಿನ ಭಯ ಇಲ್ಲ, ತೂಬಿನ ಕೈ ಬಿಡಾಕಿಲ್ಲ," ಎಂದು ವಾಡಿಕೆಯ ಮಾತು ಹೇಳಿ ಕುಡಿದಳು. ಹೊಟ್ಟೆ ಬಿರಿಯುವಷ್ಟು ಕುಡಿದಳು. ಕೊಂಬು ತುಂಬಿಯೇ ಇತ್ತು.

ಯಜಮಾನ ಸಿದ್ದಲಿಂಗೇಗೌಡರು ಕೈಚಾಚಿದರು. "ಕೊಡವ್ವ ಇತ್ಲಾಗೆ. ಬೇರೆಯವ್ರನ್ನ ನೋಡ್ತೀವಿ."

"ಕೊಡಾಕಿಲ್ಲ." ಅವಳು ಕೊಂಬನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. "ನಂಗೆ ಭಯ ಅದೆ. ನೀರು ಕಂಡ್ರೆ ಕಾಲು ನಡುಗ್ತದೆ. ಆದ್ರೂ ಇಳೀತೀನಿ."

ಮತ್ತೆ ಎತ್ತಿ ಕುಡಿದಳು. ಕೊಂಬು ತುದಿಯವರೆಗೂ ಬರಿದಾಯಿತು.

ಗೌಡರು ಅದನ್ನು ತಲೆಕೆಳಗು ಮಾಡಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. "ನಿಮ್ಮಪ್ಪಂಗೆ ಒಂದಿಷ್ಟೂ ಭಯ ಇರ್ಲಿಲ್ಲ ಕಣವ್ವ."

"ಗೊತ್ತು. ಅದ್ಕೇ ಅಪ್ಪ ಹಗ್ಗ ಕಟ್ಕತಿರ್ಲಿಲ್ಲ," ಎಂದ ಪುಟ್ಟಮಾದಿ, ತನ್ನ ಸೊಂಟಕ್ಕೆ ಬಿಗಿದ ಹಗ್ಗದ ತುದಿಯನ್ನು ಅವರ ಕೈಗಿಟ್ಟು ನೀರಿಗಿಳಿದಳು.