ಐದನೆಯ ಗಂಟು

ವೈರನ್ನು ಇಲಿ ಕಡಿದಿರಲಿಲ್ಲ. ಇಲಿ ಕಡಿದರೆ ಹಲ್ಲಿನ ಗುರುತಿರುತ್ತದೆ, ನೆಲಕ್ಕೆ ಪ್ಲಾಸ್ಟಿಕ್ಕಿನ ಪುಡಿ ಬಿದ್ದಿರುತ್ತದೆ. ಇದು ಒಂದೇ ಏಟಿಗೆ ತುಂಡಾಗಿತ್ತು.

ಏಸಿ ರಿಪೇರಿಯ ನವೀನ ಹಿತ್ತಲ ಗೋಡೆಯ ಬುಡದಲ್ಲಿ ಕೂತು ಆ ತುದಿಯನ್ನೇ ನೋಡಿದ. ಸಿದ್ದಾಪುರದಿಂದ ಬೈಕಿನಲ್ಲಿ ಕೋಲಸಿರ್ಸಿಯ ಈ ಮನೆಗೆ ಬಂದು ಅರ್ಧ ಗಂಟೆಯಾಗಿತ್ತು. ಒಳಗಿನ ಏಸಿಯ ಮೇಲೆ ‘ಇ-6’ ಎಂದು ಮಿನುಗುತ್ತಿತ್ತು. ಒಳಗಿನ ಯೂನಿಟ್ಟು ಹೇಳಿದ್ದು ಹೊರಗಿನದಕ್ಕೆ ಮುಟ್ಟುತ್ತಿಲ್ಲ ಎಂದು ಅದರ ಅರ್ಥ. ಹೊರಗಿನದಕ್ಕೆ ಕರೆಂಟು ಬರುತ್ತಿತ್ತು. ಬೋರ್ಡು ಸುಟ್ಟಿರಲಿಲ್ಲ. ಮೇನ್ ಆಫ್ ಮಾಡಿಸಿ, ಪೈಪಿನ ಮೇಲಿನ ಸುತ್ತು ಬಿಚ್ಚಿದಾಗ ತಪ್ಪು ಸಿಕ್ಕಿತು. ಎರಡು ಯೂನಿಟ್ಟುಗಳ ನಡುವಿನ ನಾಲ್ಕು ವೈರುಗಳಲ್ಲಿ ಸಿಗ್ನಲ್ಲಿನದು ಮಾತ್ರ ಕಡಿದಿತ್ತು. ಉಳಿದ ಮೂರಕ್ಕೆ ಗೀರೂ ಬಿದ್ದಿರಲಿಲ್ಲ.

ಕಡಿದವರಿಗೆ ಯಾವುದನ್ನು ಕಡಿಯಬೇಕೆಂದು ಗೊತ್ತಿತ್ತು.

ಅದೇ ವೈರಿನಲ್ಲಿ ಗೇಣಿಗೊಂದರಂತೆ ಹಳೆಯ ಗಂಟುಗಳೂ ಇದ್ದವು. ನಾಲ್ಕು. ಒಂದಕ್ಕೆ ಕೆಂಪು ಟೇಪು, ಒಂದಕ್ಕೆ ಹಳದಿ. ಒಂದಕ್ಕೆ ಕನೆಕ್ಟರ್ ಹಾಕಿದ್ದರು, ಇನ್ನೊಂದನ್ನು ಬೆಸೆದಿದ್ದರು. ನಾಲ್ಕೂ ಬೇರೆ ಬೇರೆ ಕೈಯ ಕೆಲಸ.

“ಮೊದಲೂ ಹೀಗೇ ಆಗಿತ್ತಾ ತಂಗಿ?”

ಆ ಮನೆಯ ಸೊಸೆ ರಕ್ಷಿತಾ ಮೇನ್ ಸ್ವಿಚ್ಚಿನ ಪಕ್ಕ ನಿಂತಿದ್ದಳು. ಅವನು ಬಂದಾಗಿನಿಂದ ಅವಳು ಅವನ ಮುಖ ನೋಡಿರಲಿಲ್ಲ. ಕೈಗಳನ್ನೇ ನೋಡುತ್ತಿದ್ದಳು.

“ನಾಲ್ಕು ಸಲ.”

“ನಾಲ್ಕು ಸಲಕ್ಕೂ ನಾಲ್ಕು ಜನರನ್ನ ಕರೆಸಿದ್ರಾ? ಶಿರಸಿಯವರು, ಯಲ್ಲಾಪುರದವರು ಎಲ್ಲ ಮುಗಿದು ಕಡೆಗೆ ನಾನಾ?” ನವೀನ ನಕ್ಕ.

“ಅವರ ಕೆಲಸ ನಮಗೆ ಬೇಕಾದ ಹಾಗೆ ಇರಲಿಲ್ಲ, ಅಣ್ಣ.”

ಕಿಟಕಿಯೊಳಗಿಂದ ನರಳುವ ಸದ್ದು ಬಂತು. ಅತ್ತೆ ದ್ಯಾವಮ್ಮ. ಮೈ ಬೆವರದ ಕಾಯಿಲೆ. ಸೆಕೆ ಏರಿದರೆ ಚರ್ಮ ಕೆಂಪಾಗಿ ಉಸಿರು ಕಟ್ಟುತ್ತದೆ. ಏಸಿ ಹಾಕಿಸಿದ್ದೇ ಅದಕ್ಕೆ. ಇದು ಏಪ್ರಿಲ್ ತಿಂಗಳ ಮಧ್ಯಾಹ್ನ. ಇನ್ನೆರಡು ದಿನ ಏಸಿ ನಿಂತರೆ ಮುದುಕಿ ಉಳಿಯುವುದಿಲ್ಲ. ಅದನ್ನು ನವೀನನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕೋಣೆಯ ಗೋಡೆಯಲ್ಲಿ ಹಾರ ಹಾಕಿದ ಒಬ್ಬ ಯುವಕನ ಫೋಟೋ ಇತ್ತು.

“ಒಳಗೆ ಫೋಟೋದಲ್ಲಿ ಇರೋರು?”

“ನಮ್ಮನೆಯವರು. ಉಲ್ಲಾಸ.”

“ಎಂತ ಆಗಿತ್ತು?”

“ಕರೆಂಟು.”

ಅಷ್ಟೇ ಹೇಳಿದಳು. ಅವಳ ಬೆರಳು ಮೇನ್ ಸ್ವಿಚ್ಚಿನ ಮೇಲಿತ್ತು.

ನವೀನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಂಡ ಕರೆಂಟಿಗೆ ಹೋದ. ಈಗ ಅತ್ತೆ ಸೆಕೆಗೆ. ಕಟ್ಟಿಗೆ ರಾಶಿಯ ಮೇಲಿಟ್ಟಿದ್ದ ಕತ್ತಿಯ ಅಂಚು ಆಗಷ್ಟೇ ಮಸೆದ ಹಾಗೆ ಹೊಳೆಯುತ್ತಿತ್ತು.

“ಸ್ವಿಚ್ಚು ಮುಟ್ಟಬೇಡ,” ಎಂದ. “ವೈರು ನನ್ನ ಕೈಯಲ್ಲಿದೆ.”

“ಹಾಕೋದಿಲ್ಲ. ನಿಮ್ಮ ಕೆಲಸ ಮುಗಿಯಬೇಕಲ್ಲ.”

ಆಗಲೇ ಅವನ ಫೋನು ಹೊಡೆದುಕೊಂಡಿತು. “ಹಂದಿ ಕೆಲಸ ಬಿಟ್ಟು ವರ್ಷ ಆಯ್ತು ಮಾರಾಯ. ಬೇರೆ ಯಾರನ್ನಾದ್ರೂ ನೋಡು. ಫೋನಲ್ಲಿ ಆ ಸುದ್ದಿ ತೆಗೀಬೇಡ,” ಎಂದು ಕಟ್ ಮಾಡಿದ.

ರಕ್ಷಿತಾ ಮೊದಲ ಸಲ ಅವನ ಮುಖ ನೋಡಿದಳು.

“ಹೊಸ ಕೇಬಲ್ಲೇ ಎಳೆಯೋದು ಒಳ್ಳೇದು,” ಎಂದ ಅವನು. “ಇಷ್ಟು ಗಂಟು ಇದ್ರೆ ನಾಳೆ ಮತ್ತೆ ಅದೇ ಇ-6 ಬರ್ತದೆ.”

“ಬೇಡ. ಜೋಡಿಸಿಕೊಡಿ ಸಾಕು. ನೀವು ಯಾವಾಗಲೂ ಮಾಡುವ ಹಾಗೇ ಮಾಡಿ.”

ವಾದ ಮಾಡಲು ಅವನಿಗೂ ಮನಸ್ಸಿರಲಿಲ್ಲ. ಬೇಗ ಮುಗಿಸಿ ಹೊರಟರೆ ಸಾಕಾಗಿತ್ತು. ತಾಮ್ರದ ತುದಿಗಳನ್ನು ಕೆರೆದು ಹೊಸೆದ. ಚೀಲದಿಂದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ತೆಗೆದು ಮೂರು ಸುತ್ತು ಬಿಗಿಯಾಗಿ ಸುತ್ತಿದ. ಉಳಿದ ಬಾಲವನ್ನು ಎಡಕ್ಕೆ ಮಡಚಿ ಸುತ್ತಿನೊಳಗೆ ಸಿಕ್ಕಿಸಿದ. ರಕ್ಷಿತಾ ಹತ್ತಿರ ಬಂದು ಬಗ್ಗಿ ನೋಡಿದಳು.

“ಟೇಪು ಹಾಕೋದಿಲ್ವಾ?”

“ಟೇಪು ನಮ್ಮ ಕಡೆ ಮಳೆಗೆ ಎಲ್ಲಿ ನಿಲ್ತದೆ?” ಕೆಲಸದ ಮಾತು ಬಂದರೆ ನವೀನನಿಗೆ ಭಯವೂ ಮರೆಯುತ್ತಿತ್ತು. “ನಾನು ಎಡಗೈಯವ, ನೋಡು. ಈ ಮಡಿಕೆ ಬೇರೆಯವರಿಗೆ ಬರೋದಿಲ್ಲ. ಎಲ್ಲಿ ನೋಡಿದ್ರೂ ಇದು ನವೀನನ ಕೈ ಅಂತ ಹೇಳಬಹುದು.”

“ಬೇರೆ ಯಾರೂ ಹೀಗೆ ಮಾಡೋದಿಲ್ವಾ ಅಣ್ಣ?”

“ಮೂರು ತಾಲೂಕಲ್ಲಿ ನಾನೊಬ್ಬನೇ.”

ಅವಳು ತಲೆಯಾಡಿಸಿದಳು. ಮೇನ್ ಹಾಕಿ ಒಳಗೆ ಹೋದಳು.

ಹೊರಗಿನ ಫ್ಯಾನು ತಿರುಗಿತು. ನವೀನ ಕೋಣೆಗೆ ಬಂದು ನೋಡಿದ. ಇ-6 ಹೋಗಿ ಇಪ್ಪತ್ನಾಲ್ಕು ಎಂದು ತೋರಿಸುತ್ತಿತ್ತು. ತಂಪು ಗಾಳಿ ಮುದುಕಿಯ ಮೈಗೆ ಬಡಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವಳು ಮೆಲ್ಲಗೆ ಹೊರಳಿದಳು. ಸೊಸೆ ಅಲ್ಲಿರಲಿಲ್ಲ. ಸುಮ್ಮನೆ ಹೊರಟುಬಿಡಬಹುದಿತ್ತು. ಆದರೆ ಒಂದು ಜೀವದ ಪ್ರಶ್ನೆ. ಅವನು ಮಂಚದ ಹತ್ತಿರ ಬಗ್ಗಿದ.

“ಅಜ್ಜಿ, ಹುಷಾರು. ವೈರು ತಾನಾಗೇ ಹೋಗಿದ್ದಲ್ಲ. ನಿಮ್ಮ ಸೊಸೆ ಕತ್ತಿಯಿಂದ ಕಡೀತಿದ್ದಾಳೆ.”

ದ್ಯಾವಮ್ಮ ಅವನನ್ನು ನೆಟ್ಟಗೆ ನೋಡಿದಳು.

“ಗೊತ್ತು ಮಗಾ. ಕತ್ತಿ ಮಸೆದು ಕೊಟ್ಟವಳು ನಾನೇ.”

ಬಾಗಿಲ ಚಿಲಕ ಬಿದ್ದ ಸದ್ದಾಯಿತು. ರಕ್ಷಿತಾ ದೇವರ ಗೂಡಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಅತ್ತೆಯ ಕೈಗೆ ಕೊಟ್ಟಳು. ಮುದುಕಿ ಎದ್ದು ಕೂತು, ಅದರೊಳಗಿನ ತುಂಡನ್ನು ಅವನ ಮುಂದೆ ಹಾಸಿಗೆಯ ಮೇಲಿಟ್ಟಳು. ತುಕ್ಕು ಹಿಡಿದ ಬೇಲಿ ತಂತಿ. ಅದಕ್ಕೆ ಜೋಡಿಸಿದ ಗೇಣುದ್ದದ ವೈರು.

“ಹೋದ ವರ್ಷ ನಿಲ್ಕುಂದದ ಗದ್ದೆಯಲ್ಲಿ ಹಂದಿ ಬರಬಾರದು ಅಂತ ಬೇಲಿಗೆ ಕರೆಂಟು ಬಿಟ್ಟಿದ್ರು,” ಎಂದಳು ರಕ್ಷಿತಾ. “ನಮ್ಮನೆಯವರು ಕಾಲುದಾರಿಯಲ್ಲಿ ಬರ್ತಾ ಅದನ್ನ ಮುಟ್ಟಿದ್ರು. ಕರೆಂಟು ಎಳೆದುಕೊಟ್ಟವ ಯಾರು ಅಂತ ಗದ್ದೆಯವರು ಇವತ್ತಿಗೂ ಬಾಯಿ ಬಿಟ್ಟಿಲ್ಲ.”

ಜೋಡಿಸಿದ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಮೂರು ಸುತ್ತು ಸುತ್ತಿತ್ತು. ಅದರ ಬಾಲ ಎಡಕ್ಕೆ ಮಡಚಿತ್ತು.