ಇಂದುಧರನ ಹಿಮ

ಒಬ್ಬರು ಕಥೆ ಕಟ್ಟಿ, ಉಳಿದವರು ಅದರ ಪಾತ್ರಗಳಾಗಿ ಆಡುವ ಆನ್‌ಲೈನ್ ಪಾತ್ರದಾಟದ ಮೇಜಿನ ಮೇಲೆ ಬೀಳುವ ಮಳೆ ಆಟಗಾರರ ಮನೆಯಲ್ಲೂ ಬೀಳುವುದು ನಿಮಗೆ ಗೊತ್ತೇ ಇದೆ. ಆದರೆ ಆಟ ನಡೆಸುವ ವಾರಿಜಾಳ ತಂತ್ರಾಂಶ ಎಷ್ಟು ಹಳೆಯದೆಂದರೆ, ಅವಳು ಪ್ರಳಯ ತಂದರೂ ಆಟಗಾರರ ಅಂಗೈಗೆ ಎರಡೇ ಹನಿ. ಅದೇ ಅವಳಂತೆಯೇ ಆಟ ನಡೆಸುವ ಇಂದುಧರನ ಮೇಜಿನ ಡ್ರ್ಯಾಗನ್ ಸೀನಿದರೆ ಏಳು ಬೀದಿಯ ಹಪ್ಪಳ ಒಣಗುತ್ತಿದ್ದವು. ಅವನ ಹಿಮವಂತೂ ಆಡಿದವರ ತಲೆಯಿಂದ ಮೂರು ದಿನ ಇಳಿಯುತ್ತಿರಲಿಲ್ಲ.

ಹೊಟ್ಟೆಕಿಚ್ಚಿಗೆ ವಾರಿಜಾ ನೂರೆಂಟು ತಂತ್ರಾಂಶಗಳನ್ನು ಹಾಕಿ ನೋಡಿದಳು. ಒಂದರ ಸಮುದ್ರ ಬಚ್ಚಲು ದಾಟಲಿಲ್ಲ. ಇನ್ನೊಂದರ ಆನೆ, ಆಟ ಮುಗಿದರೂ, ಅಡುಗೆಮನೆ ಬಿಟ್ಟು ಕದಲಲಿಲ್ಲ.

ಶನಿವಾರ ಅವಳ ಐವರು ಆಟಗಾರರು ಪರದೆಯ ಮೇಲೆ ಬಂದರು. ಐವರ ತಲೆಯಲ್ಲೂ ಹಿಮ.

“ಒಂಬತ್ತು ವರ್ಷ ನಿಮಗೆ ಕಥೆ ಕಟ್ಟಿದೀನಿ. ಕದ್ದು ಅವನ ಮೇಜಿಗೆ ಹೋಗಿದ್ರಾ?” ಎಂದಳು ವಾರಿಜಾ.

ಐವರಲ್ಲಿ ಒಬ್ಬಳಾದ ತಬಸ್ಸುಮ್ ಮೆಲ್ಲಗೆ ಕೇಳಿದಳು: “ಅಕ್ಕಾ, ಈ ಸೆಖೇಲಿ ತಲೆಗ್ಯಾಕೆ ಶಾಲು? ಅದರಿಂದ ನೀರು ಬೇರೆ ತೊಟ್ಟಿಕ್ತಿದೆ.”

ವಾರಿಜಾ ಶಾಲು ಬಿಚ್ಚಿದಳು. ಒಂದು ಮೊರದಷ್ಟು ಹಿಮ ಕೀಬೋರ್ಡಿನ ಮೇಲೆ ಬಿತ್ತು.

“ಅವನದು ಯಾವ ತಂತ್ರಾಂಶ ಅಂತ ನೋಡೋಕೆ ಹೋಗಿದ್ದೆ, ಅಷ್ಟೆ,” ಎಂದಳು. ಕೀಬೋರ್ಡಿನ ಹಿಮ ಒರೆಸುತ್ತಾ, “ಅವನ ಕಥೇಲಿ ಆ ಕೋಟೆ ಬಾಗಿಲು ಯಾವಾಗ ತೆಗೀತಾನಂತೆ?” ಎಂದು ಕೇಳಿದಳು.