ಪರಿಮಳದ ಕೋಣೆಯಲ್ಲಿ ಕದ್ದು ಸೇದಿದವನು

"ಇವತ್ತೂ ನನ್ನ ಬಾಯಿ ಕಟ್ಟಿಹೋದರೆ...?"

ಬೆಳಗ್ಗೆ ಎದ್ದಾಗಿನಿಂದ ಸಿಂಚನಾಳಿಗೆ ಇದೊಂದೇ ಅಳುಕು.

ಮೈಸೂರಿನ ಒಂದು ಅಗರಬತ್ತಿ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಅವಳು ಹೊಸಬಳು. ಮನಸ್ಸಿನಲ್ಲಿ ಸಾವಿರ ಮಾತು... ತುಟಿಯ ಮೇಲೆ "ಸರಿ ಸರ್" ಒಂದೇ.

ಅಲ್ಲಿ ಹೊಸ ಬತ್ತಿ ಹಚ್ಚಿ ಪರಿಮಳ ನೋಡಲು ಒಂದು ಪುಟ್ಟ ಕೋಣೆ. ವಾಸನೆ ಬೆರೆಯಬಾರದೆಂದು ಬಾಗಿಲು ಸದಾ ಮುಚ್ಚಿರುತ್ತದೆ. ಒಳಗೆ ಕೆಲಸ ಮಾಡುವವನು ಶ್ರೀಕಂಠ ಒಬ್ಬನೇ.

ಹೋದ ವಾರ ಮಾಲೀಕ ನಂಜರಾಜಯ್ಯ ಆ ಬಾಗಿಲು ತೆಗೆದವರೇ ಮೂಗರಳಿಸಿದರು.

"ಭಲೇ ಕಣಯ್ಯಾ ಶ್ರೀಕಂಠ! ಮಾವಿನ್ಹಣ್ಣು ಹೆಚ್ಚಿಟ್ಟಂಗೈತೆ! ಈ ದಸರಾಕ್ಕೆ ಇದೇ ಬತ್ತಿ."

ಅದು ಬತ್ತಿಯ ಘಮವಲ್ಲ... ಅವನು ಕದ್ದು ಸೇದುತ್ತಿದ್ದ ಮಾವಿನ ಸ್ವಾದದ ವೇಪ್, ಅಂದರೆ ಇ-ಸಿಗರೇಟಿನದು. ನಿಜ ಹೇಳಿದರೆ ಕೆಲಸ ಹೋದೀತೆಂದು ಶ್ರೀಕಂಠ ಹೌದೆಂದು ತಲೆಯಾಡಿಸಿಬಿಟ್ಟ.

ಇಂದು ಪರಸ್ಥಳದ ವ್ಯಾಪಾರಿಗಳು ಬಂದಿದ್ದರು.

"ತಗಂಬಾರಯ್ಯಾ ಆ ಮಾವಿನ ಬತ್ತಿ!" ಎಂದರು ನಂಜರಾಜಯ್ಯ.

ಇದ್ದರೆ ತಾನೆ ತರುವುದು? "ಆ ಘಮ ಇದ್ರದು ಸಾರ್" ಎನ್ನುತ್ತ ಶ್ರೀಕಂಠ ಆ ವೇಪನ್ನೇ ಮೇಜಿನ ಮೇಲಿಟ್ಟ.

ವ್ಯಾಪಾರಿಯೊಬ್ಬ ಗೊಳ್ಳೆಂದು ನಕ್ಕ. "ಏನ್ ಯಜಮಾನ್ರೇ, ದೇವ್ರಿಗೆ ಇದನ್ನೇ ಹಚ್ಚೋದಾ?"

ಆ ನಗು ನಂಜರಾಜಯ್ಯನವರ ಎದೆಗೆ ನಾಟಿತು. ವ್ಯಾಪಾರಿಗಳು ಹೋದ ಮೇಲೆ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಸಿಂಚನಮ್ಮಾ, ಇವನ್ನ ಈಗ್ಲೇ ಮನೆಗೆ ಕಳ್ಸು. ಮಿಕ್ಕೋರ್ಗೂ ಬುದ್ಧಿ ಬರ್ಲಿ."

"ಸಾರ್... ಸಿಗರೇಟ್ ಬಿಡಾನ ಅಂತ ಇದನ್ನ ಹಿಡ್ದೆ. ಈಗ ಇದೇ ನನ್ನ ಹಿಡ್ಕಂಡೈತೆ. ಎದ್ದು ಮಗೀನ ಮುಖ ನೋಡೋಕ್ ಮುಂಚೆ ಇದು ಬೇಕು. ಯಾರಾದ್ರೂ ಡಾಕ್ಟ್ರತ್ರ ಕಳ್ಸಿ ಸಾರ್, ಬಿಟ್ಬಿಡ್ತೀನಿ. ಕೆಲ್ಸ ಮಾತ್ರ ಕಿತ್ಕಬ್ಯಾಡಿ..."

"ಮೊದ್ಲೇ ಬಂದು ಹೇಳ್ಬೇಕಿತ್ತು!"

"ಹೇಳಿದ್ರೆ ಇಟ್ಕತಿದ್ರಾ ಸಾರ್?"

ನಂಜರಾಜಯ್ಯ ಬಾಗಿಲತ್ತ ಕೈ ತೋರಿಸಿದರು.

ಗೋಡೆಯ ಮೇಲೆ ಒಂದು ನೋಟಿಸ್: "ಇಲ್ಲಿ ಸೇದಿದವರು ಕೆಲಸದಿಂದ ವಜಾ." ಅಂಟಿಸಿದ್ದು ಸಿಂಚನಾಳೇ. ಬಿಡಲು ಸಹಾಯ ಬೇಕೇ ಎಂದು ಕೇಳುವ ಒಂದೇ ಒಂದು ಸಾಲು ಅದರಲ್ಲಿರಲಿಲ್ಲ...

ಶ್ರೀಕಂಠ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದ. ಯಾರೂ ತಡೆಯಲಿಲ್ಲ.

ಸಿಂಚನಾ ಸಾಲಿನತ್ತ ನೋಡಿದಳು. ಇಬ್ಬರು ಮೂವರ ಕೈ ಮೆಲ್ಲಗೆ ತಮ್ಮದೇ ಜೇಬಿಗೆ ಹೋಗಿ, ಒಳಗಿದ್ದುದನ್ನು ಒತ್ತಿ ಹಿಡಿದಿತ್ತು.

ಈ ಸಲ ಅವಳ ಬಾಯಿ ಕಟ್ಟಲಿಲ್ಲ.

"ಸರ್... ಅವರನ್ನ ಕಳಿಸಿದ್ರಿಂದ ಇಲ್ಲಿ ಯಾರೂ ಬಿಡಲ್ಲ ಸರ್. ಇನ್ನೂ ಚೆನ್ನಾಗಿ ಬಚ್ಚಿಡೋದು ಕಲೀತಾರೆ, ಅಷ್ಟೇ."

🙏 ಚಟಕ್ಕೆ ನಿಯಮ ಬೇಕು, ನಿಜ... ಆದರೆ ಚಟಕ್ಕೆ ಸಿಕ್ಕಿಬಿದ್ದವನಿಗೆ ಮೊದಲು ಬೇಕಾದದ್ದು ಕೇಳುವ ಕಿವಿ.

ನಿಮ್ಮ ಕೈಕೆಳಗಿನವರು "ನನಗೆ ಬಿಡೋಕಾಗ್ತಿಲ್ಲ" ಎಂದು ನಿಮ್ಮ ಹತ್ತಿರ ಹೆದರದೆ ಹೇಳಬಲ್ಲರೇ...?